ಅಡಿಟಿಪ್ಪಣಿಯಲ್ಲಿ ಬಂದ ಕಾವೇರಿ

ಪರಿಶೀಲನೆಗೆ ಲೇಖನ ಕಳಿಸಿ ನಮ್ಮ ಪತ್ರಿಕೆಯ ಎರಡು ಸಂಚಿಕೆ ಕಳೆದರೂ ಪ್ರೊಫೆಸರರಿಂದ ಒಂದು ಕಾರ್ಡು ಕೂಡ ಬರಲಿಲ್ಲ. ನಾನು ಶಾಲೆ ಬಿಟ್ಟ ಕೂಡಲೇ ದರ್ಬೆಯಲ್ಲಿದ್ದ ವಕೀಲರ ಆಫೀಸಿಗೆ ಹೋಗಿ, ಬಾಗಿಲಲ್ಲೇ ನಿಂತು, “ಬಂತಾ?” ಎಂದು ಕೇಳುತ್ತಿದ್ದೆ. ವಕೀಲರು ಕಡತದಿಂದ ತಲೆ ಎತ್ತುತ್ತಿರಲಿಲ್ಲ. “ಇಲ್ಲ ಮಾರಾಯ್ರೆ. ಬಂದರೆ ನಾನು ಅಡಗಿಸಿ ಇಡ್ತೇನಾ?” ಎನ್ನುತ್ತಿದ್ದರು. ಮರುದಿನ ಮತ್ತೆ ಅದೇ ಬಾಗಿಲು, ಅದೇ ಪ್ರಶ್ನೆ.

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ನಾನು ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತ. ಕರಾವಳಿಯ ಮುಸ್ಲಿಮರಾದ ನಮಗೆ ಮನೆಯಲ್ಲಿ ಬ್ಯಾರಿ ಭಾಷೆ, ಪೇಟೆಯಲ್ಲಿ ತುಳು, ಹೊಟ್ಟೆಪಾಡಿಗೆ ಕನ್ನಡ. ಊರಿನ ಕೆಲವರು ಸೇರಿ ಒಂದು ಸಂಶೋಧನ ತ್ರೈಮಾಸಿಕ ನಡೆಸುತ್ತಿದ್ದೆವು. ಸಂಪಾದಕರು ವಕೀಲರು, ಸಹಾಯಕ ಸಂಪಾದಕ ನಾನು. ಅಂದರೆ ಲೇಖನ ತರಿಸುವುದು, ಕರಡು ತಿದ್ದುವುದು, ಅಚ್ಚುಕೂಟದಲ್ಲಿ ಜಗಳ ಆಡುವುದು, ಅಂಚೆಗೆ ಹಾಕುವುದು ಎಲ್ಲ ನನ್ನ ಪಾಲಿಗೆ.

ದೊಡ್ಡ ಊರಿನ ಪತ್ರಿಕೆಗಳಲ್ಲಿ ಗುರುತಿನವರ ಲೇಖನಕ್ಕೆ ಮೊದಲ ಮಣೆ ಎಂದು ನನಗೆ ಮೊದಲಿನಿಂದಲೂ ಸಿಟ್ಟು. ನಮ್ಮಲ್ಲಿ ಹಾಗಾಗಬಾರದೆಂದು ಹಟ ಹಿಡಿದು ನಿಯಮ ಮಾಡಿಸಿದ್ದೆ. ಬಂದ ಲೇಖನದಲ್ಲಿ ಬರೆದವರ ಹೆಸರಿನ ಮೇಲೆ ಬಿಳಿ ಕಾಗದ ಅಂಟಿಸಿ, ಆ ವಿಷಯ ಬಲ್ಲ ಒಬ್ಬರಿಗೆ ಪರಿಶೀಲನೆಗೆ ಕಳಿಸುವುದು. ಬರೆದವರು ಯಾರೆಂದು ಪರಿಶೀಲಕರಿಗೆ ಗೊತ್ತಾಗಬಾರದು, ಪರಿಶೀಲಕರು ಯಾರೆಂದು ಬರೆದವರಿಗೂ ಗೊತ್ತಾಗಬಾರದು. ಈ ಎರಡನೆಯದನ್ನು ಎಂಥ ಸಂದರ್ಭದಲ್ಲೂ ಮುರಿಯುವುದಿಲ್ಲ ಎಂದು ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದವನು ನಾನೇ. ಹೆಸರು ಹೊರಗೆ ಬೀಳುತ್ತದೆಂದಾದರೆ ಯಾವ ಪರಿಶೀಲಕರೂ ಮುಚ್ಚುಮರೆ ಇಲ್ಲದೆ ಬರೆಯುವುದಿಲ್ಲ ಎಂಬುದು ನನ್ನ ವಾದವಾಗಿತ್ತು.

ಪ್ರೊಫೆಸರರ ಹತ್ತಿರ ಕುಳಿತಿದ್ದ ಲೇಖನ ಸುಳ್ಯ ಸೀಮೆಯ ಗೌಡರು ಆಡುವ ಅರೆಭಾಷೆಯ ಮದುವೆ ಹಾಡುಗಳ ಮೇಲಿನದು. ಬರೆದವರು ಕಡಬದ ಹತ್ತಿರದ ಒಂದು ಅನುದಾನಿತ ಶಾಲೆಯ ಟೀಚರು. ಮನೆ ಆಲೆಟ್ಟಿಯಲ್ಲಿ, ಗೌಡರ ಕೃಷಿ ಕುಟುಂಬ. ಹಾಡುಗಳನ್ನು ತನ್ನ ದೊಡ್ಡಮ್ಮನ ಬಾಯಿಂದ ಕೇಳಿ ಬರೆದುಕೊಂಡು, ಯಾವ ಶಾಸ್ತ್ರದ ಹೊತ್ತಿಗೆ ಯಾವುದನ್ನು ಹಾಡುತ್ತಾರೆ, ಯಾರು ಎತ್ತಿಕೊಡುತ್ತಾರೆ, ಯಾರು ಸೊಲ್ಲು ಸೇರಿಸುತ್ತಾರೆ ಎಂದು ವಿವರಿಸಿದ್ದರು. ನಮ್ಮ ಕಡೆ ಅಂಥದ್ದನ್ನು ಅದುವರೆಗೆ ಯಾರೂ ಬರೆದಿರಲಿಲ್ಲ. ಓದಿ ಮುಗಿಸಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಆ ವಿಷಯಕ್ಕೆ ನಾಡಿನಲ್ಲಿ ದೊಡ್ಡ ಹೆಸರು ಪ್ರೊಫೆಸರರದ್ದು. ನಮ್ಮ ಸಂಘದ ಗೌರವಾಧ್ಯಕ್ಷರೂ ಅವರೇ, ವಕೀಲರಿಗೆ ಕಾಲೇಜಿನಲ್ಲಿ ಪಾಠ ಹೇಳಿದ ಗುರುಗಳೂ ಅವರೇ. ಹೆಸರಿನ ಮೇಲೆ ಕಾಗದ ಅಂಟಿಸಿ ಅವರಿಗೇ ರಿಜಿಸ್ಟರ್ ಮಾಡಿ ಕಳಿಸಿದ್ದೆ. ಜ್ಞಾಪನೆಗೆ ಬರೆದೆ, ಮತ್ತೆ ಬರೆದೆ. ಕೊನೆಗೊಂದು ದಿನ ಲೇಖನ ವಾಪಸು ಬಂತು. ಮೇಲೆ ಚುಟುಕಾಗಿ ಅಭಿಪ್ರಾಯ: ಬರಹ ಪಕ್ವವಾಗಿಲ್ಲ, ಸಂಗ್ರಹ ಸಾಲದು, ಸದ್ಯಕ್ಕೆ ಪ್ರಕಟಣೆಗೆ ಯೋಗ್ಯವಲ್ಲ.

“ಗುರುಗಳು ಹೇಳಿದ ಮೇಲೆ ಮುಗಿಯಿತು. ಟೀಚರಿಗೆ ಒಂದು ಕಾಗದ ಹಾಕಿ,” ಎಂದರು ವಕೀಲರು.

ಇಷ್ಟು ದಿನ ಇಟ್ಟುಕೊಂಡು ಇಷ್ಟೇನಾ ಎಂದು ನನಗೆ ಉರಿಯಿತು. ಆದರೂ ನಿಯಮ ನಿಯಮವೇ. ಕಾಗದ ಬರೆಯಲು ಕುಳಿತೆ, ಹರಿದೆ, ಮತ್ತೆ ಕುಳಿತೆ. ಹಾಗಿರುವಾಗಲೇ ವಿನಿಮಯಕ್ಕೆ ಬರುವ ಪತ್ರಿಕೆಗಳ ಕಟ್ಟು ಬಂತು. ಅದರಲ್ಲಿ ದೊಡ್ಡ ಊರಿನ ಒಂದು ಘನ ಪತ್ರಿಕೆ. ಮೊದಲ ಲೇಖನವೇ ಪ್ರೊಫೆಸರರದ್ದು, ಅರೆಭಾಷೆ ಮದುವೆ ಹಾಡುಗಳಲ್ಲಿ ನದಿಯ ಆರಾಧನೆ ಎಂಬ ವಿಷಯದ ಮೇಲೆ.

ನಿಂತಲ್ಲೇ ಓದಿದೆ. ಓದುತ್ತಾ ರಸ್ತೆಗೆ ಬಂದೆ, ಓದುತ್ತಾ ನಡೆದೆ. ಜೀಪಿನವನೊಬ್ಬ ಹಾರ್ನು ಹೊಡೆದು ತುಳುವಿನಲ್ಲಿ ಚೆನ್ನಾಗಿ ಬೈದು ಹೋದ. ಅವೇ ಹಾಡುಗಳು, ಅದೇ ಅನುಕ್ರಮ. ಟೀಚರ ವಿವರಣೆಯ ವಾಕ್ಯಗಳನ್ನು ಹಿಂದೆ ಮುಂದೆ ಮಾಡಿ ಸೇರಿಸಿದ್ದರು. ‘ಸುಳ್ಯದ ಸೀಮೆಯ ಮನೆಮನೆಗಳಲ್ಲಿ ಕುಳಿತು ವೃದ್ಧೆಯರಿಂದ ಸ್ವತಃ ಸಂಗ್ರಹಿಸಿದ್ದು’ ಎಂದು ಬೇರೆ ಬರೆದುಕೊಂಡಿದ್ದರು. ಅವರದೇ ಎನ್ನಬಹುದಾದದ್ದು ಒಂದು ಸಿದ್ಧಾಂತ ಮಾತ್ರ. ಎಲ್ಲ ಹಾಡುಗಳಲ್ಲೂ ಮದುಮಗಳನ್ನು ಕಾವೇರಿ ಎಂದೇ ಕರೆದಿರುವುದರಿಂದ, ಈ ಜನ ಹಿಂದೆ ಮದುಮಗಳನ್ನು ಕಾವೇರಿ ನದಿಯ ಅವತಾರವೆಂದು ಪೂಜಿಸುತ್ತಿದ್ದರು ಎಂದು ಪುಟಗಟ್ಟಲೆ ವಾದಿಸಿದ್ದರು.

ಮೈಯೆಲ್ಲ ಉರಿದುಹೋಯಿತು. ಸೀದಾ ವಕೀಲರ ಆಫೀಸಿಗೆ ನುಗ್ಗಿ, ಕಕ್ಷಿಗಾರರು ಕುಳಿತಿದ್ದಾರೆ ಎಂಬುದನ್ನೂ ನೋಡದೆ, ಪತ್ರಿಕೆಯನ್ನೂ ಟೀಚರ ಲೇಖನವನ್ನೂ ಮೇಜಿನ ಮೇಲೆ ಹಾಕಿದೆ.

ವಕೀಲರು ಕಕ್ಷಿಗಾರರನ್ನು ಹೊರಗೆ ಕಳಿಸಿ, ಎರಡನ್ನೂ ನಿಧಾನವಾಗಿ ಓದಿದರು. ಅವರ ಮುಖ ಸಪ್ಪೆಯಾಯಿತು. ಆದರೆ ಬಾಯಿಂದ ಬಂದದ್ದು ಕೋರ್ಟಿನ ಮಾತು.

“ಹಾಡು ಯಾರ ಸ್ವಂತ ಆಸ್ತಿಯೂ ಅಲ್ಲ ಮಾಷ್ಟ್ರೆ. ಒಂದೇ ಹಾಡನ್ನು ನೂರು ಮನೆಯಲ್ಲಿ ಹಾಡ್ತಾರೆ. ಗುರುಗಳೂ ಎಲ್ಲಿಯೋ ಕೇಳಿರಬಹುದು. ಸಾಕ್ಷಿ ಎಂತ ಉಂಟು?”

“ಲೇಖನ ಅವರ ಹತ್ತಿರ ಇತ್ತಲ್ಲ, ಅದು ಸಾಕ್ಷಿ ಅಲ್ವಾ?”

“ಅದನ್ನು ಹೇಳುದು ಹೇಗೆ? ಪರಿಶೀಲಕರ ಹೆಸರು ಹೊರಗೆ ಹಾಕ್ಲಿಕ್ಕಿಲ್ಲ ಅಂತ ನಿಯಮ ಮಾಡಿದ್ದು ಯಾರು?”

ಪತ್ರಿಕೆಯನ್ನೂ ಲೇಖನವನ್ನೂ ಎತ್ತಿಕೊಂಡು ಹೊರಗೆ ಬಂದೆ. ಅಂದಿನಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಆಯಿತು ನನ್ನ ಸ್ಥಿತಿ. ತರಗತಿಯಲ್ಲಿ ಪಾಠ ಮಾಡುತ್ತಾ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆಯುತ್ತಿದ್ದೆ. ಊಟಕ್ಕೆ ಕುಳಿತರೆ ಅರ್ಧಕ್ಕೆ ಎದ್ದು ಹೋಗುತ್ತಿದ್ದೆ. ಹೆಂಡತಿ, “ನಿಮ್ಮ ಕಾಲಿಗೆ ಯಾರಾದರೂ ಚಕ್ರ ಕಟ್ಟಿದ್ದಾರಾ?” ಎಂದು ಕೇಳಿದಳು. ಅವಳಿಗೂ ಗದರಿದೆ.

ಆ ವಾರಾಂತ್ಯದಲ್ಲಿ ಟೀಚರು ತಾವೇ ಪುತ್ತೂರಿಗೆ ಬಂದರು. ಕಡಬದಿಂದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ನಮ್ಮ ಮನೆಯ ಜಗಲಿಯಲ್ಲಿ ಕೂರುವ ಮೊದಲೇ ಮಾತು ಶುರು ಮಾಡಿದರು.

“ಮಾಷ್ಟ್ರೆ, ನನ್ನ ಲೇಖನ ಎಲ್ಲಿ ಉಂಟು?”

ವಿಷಯ ಇಷ್ಟು. ಅವರು ಆ ಲೇಖನವನ್ನು ಈಚೆಗೆ ಶಿಕ್ಷಕರ ಕೂಟವೊಂದರಲ್ಲಿ ಓದಿದ್ದರು. ಅಲ್ಲಿ ಕೇಳಿದ್ದವರೊಬ್ಬರು ಈಗ ಘನ ಪತ್ರಿಕೆಯನ್ನೂ ನೋಡಿ, ಶಾಲೆಯ ಸಂಚಾಲಕರ ಕಿವಿಗೆ ಹಾಕಿದ್ದರು. ನಿಮ್ಮ ಟೀಚರು ಪ್ರೊಫೆಸರರ ಲೇಖನ ಕದ್ದು ತನ್ನದೆಂದು ಓದಿದ್ದಾಳೆ ಎಂದು. ಟೀಚರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆದೇಶಕ್ಕೆ ಸಹಿ ಹಾಕಬೇಕಾದವರು ಅದೇ ಸಂಚಾಲಕರು. “ಕಳ್ಳತನ ಮಾಡುವವರು ಮಕ್ಕಳಿಗೆ ಎಂತ ಕಲಿಸುದು? ನಿಮ್ಮದೇ ಅಂತ ತೋರಿಸಿ, ಇಲ್ಲದಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ” ಎಂದಿದ್ದರಂತೆ.

“ನಾನು ಹೆದರಿ ಬಂದದ್ದಲ್ಲ. ಆದರೆ ಪ್ರೊಫೆಸರರಿಗೆ ನಮ್ಮ ದೊಡ್ಡಮ್ಮನ ಹಾಡು ಸಿಕ್ಕಿದ್ದು ಹೇಗೆ ಅಂತ ನನಗೆ ಗೊತ್ತಾಗಬೇಕು,” ಎಂದರು ಟೀಚರು.

ನಾನು ಹೇಳುವ ಹಾಗಿಲ್ಲ. ಹೇಳದೆ ಇರುವ ಹಾಗೂ ಇಲ್ಲ. ಎದ್ದು ಅಂಗಳಕ್ಕೆ ಹೋಗಿ ಸುಮ್ಮನೆ ಒಂದು ಸುತ್ತು ಹಾಕಿ ಬಂದೆ. ಕೊನೆಗೆ ಮಾತು ತಿರುಗಿಸಲು ಕೇಳಿದೆ, “ಟೀಚರೇ, ಈ ಕಾವೇರಿ ಯಾರು? ಎಲ್ಲ ಹಾಡಿನಲ್ಲೂ ಮದುಮಗಳಿಗೆ ಅದೇ ಹೆಸರು ಯಾಕೆ?”

ಟೀಚರು ನನ್ನನ್ನೇ ನೋಡಿದರು. ನಾನು ತಮಾಷೆ ಮಾಡುತ್ತಿದ್ದೇನೆಂದು ಭಾವಿಸಿರಬೇಕು.

“ಅದು ನಮ್ಮ ಕರು ಅಲ್ವಾ ಮಾಷ್ಟ್ರೆ.”

“ಎಂತ?”

“ನಮ್ಮ ಹಟ್ಟಿಯ ಕರು. ಮನೆಯಲ್ಲಿ ಮದುವೆ ಇಲ್ಲದೆ ಆ ಪದ ಹಾಡುವ ಕ್ರಮ ಇಲ್ಲ. ಮದುವೆ ಆಗದ ಹುಡುಗಿಯ ಹೆಸರು ಹಾಕಿ ಸುಮ್ಮನೆ ಹಾಡಿದರೆ ಅವಳಿಗೆ ಮತ್ತೆ ಸಂಬಂಧ ಕೂಡಿ ಬರುದಿಲ್ಲ ಅಂತ. ಮದುವೆ ಆದವಳ ಹೆಸರಂತೂ ಹಾಕಲೇಬಾರದು. ಬರಕೊಳ್ಳಲಿಕ್ಕೆ ಬೇಕು ಅಂತ ನಾನು ಗೋಗರೆದದ್ದಕ್ಕೆ ದೊಡ್ಡಮ್ಮ ಕರುವಿನ ಹೆಸರು ಹಾಕಿ ಹಾಡಿದ್ದು.”

“ಅದನ್ನು ಲೇಖನದಲ್ಲಿ ಯಾಕೆ ಬರೀಲಿಲ್ಲ?”

“ಅದನ್ನು ಎಂತ ಬರಿಯುದು? ಎಲ್ಲರಿಗೂ ಗೊತ್ತಿದ್ದದ್ದೇ ಅಲ್ವಾ?”

ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಹೆಂಡತಿ ಒಳಗಿಂದ ಓಡಿ ಬಂದಳು. ಟೀಚರಿಗೆ ಪ್ರೊಫೆಸರರ ಕಾವೇರಿ ಸಿದ್ಧಾಂತ ಓದಿ ಹೇಳಿದೆ. ಅವರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಫಕ್ಕನೆ ಅಳತೊಡಗಿದರು. ಹೆಂಡತಿ ಅವರನ್ನು ಒಳಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟಳು.

ವಕೀಲರು ಕೇಳಿದ ಸಾಕ್ಷಿ ಸಿಕ್ಕಿತ್ತು. ಹಾಡು ನೂರು ಮನೆಯದ್ದಾಗಿರಬಹುದು, ಆ ಕರು ಒಂದೇ ಮನೆಯದ್ದು. ವಕೀಲರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಾನೇ ಗುರುಗಳಿಗೆ ಖಾಸಗಿಯಾಗಿ ಬರೆಯುತ್ತೇನೆ. ತಪ್ಪಾಯಿತು ಅಂತ ಅವರೇ ಸರಿ ಮಾಡಿಯಾರು,” ಎಂದರು.

ಪ್ರೊಫೆಸರರ ಉತ್ತರ ಈ ಸಲ ಬೇಗ ಬಂತು. ಕರುವಿನ ಸುದ್ದಿ ಅದರಲ್ಲಿರಲಿಲ್ಲ. ಅವರ ಮಾತು ಬಹಳ ಮೃದುವಾಗಿತ್ತು. ಆ ಹುಡುಗಿಯಲ್ಲಿ ಆಸಕ್ತಿ ಇರುವಂತೆ ಕಾಣುತ್ತದೆ, ನಮ್ಮ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ತಮ್ಮ ಹೆಸರನ್ನು ಮೊದಲಿಟ್ಟು, ‘ಸಂಗ್ರಹದಲ್ಲಿ ನೆರವು’ ಎಂದು ಅವಳ ಹೆಸರನ್ನು ಕೆಳಗೆ ಹಾಕಿ ಇಬ್ಬರ ಲೇಖನವೆಂದು ಪ್ರಕಟಿಸಬಹುದು, ತಮ್ಮ ಅಡ್ಡಿ ಇಲ್ಲ ಎಂದಿದ್ದರು.

“ಅಡ್ಡಿ ಇಲ್ಲವಂತೆ!” ಎಂದು ನಾನು ಕೂಗಿದೆ.

“ಕೂಗಬೇಡಿ ಮಾರಾಯ್ರೆ. ನೀವೇ ಯೋಚನೆ ಮಾಡಿ. ಗುರುಗಳ ಹೆಸರಿನ ಜೊತೆ ಹೆಸರು ಬಂದರೆ ಸಂಚಾಲಕರು ಮತ್ತೆ ಮಾತಾಡುದಿಲ್ಲ. ಹುಡುಗಿಯ ಕೆಲಸ ಉಳಿಯುತ್ತದೆ. ನಮಗೆ ಬೇಕಾದ್ದು ಅದೇ ಅಲ್ವಾ?”

“ನನಗೆ ಬೇಕಾದ್ದು ಅದಲ್ಲ. ಲೇಖನ ಯಾರ ಹತ್ತಿರ ಹೋಗಿತ್ತು, ಎಷ್ಟು ಸಮಯ ಇತ್ತು, ಎಲ್ಲ ಬರೆದು ಅಚ್ಚು ಹಾಕುವ.”

“ಹಾಕುವ. ಆಮೇಲೆ ನಮ್ಮಲ್ಲಿಗೆ ಯಾರು ಪರಿಶೀಲನೆಗೆ ಬರುದು? ಇವತ್ತು ಕಳ್ಳನ ಹೆಸರು ಹೇಳಿದಿರಿ, ನಾಳೆ ನಿಮಗೆ ಆಗದವರ ಹೆಸರು ಹೇಳಿದಿರಿ ಅಂತ ಇಟ್ಟುಕೊಳ್ಳಿ. ನಿಯಮ ಎಲ್ಲಿ ಉಳಿಯಿತು?”

ಅವರ ಮಾತಿನ ಎರಡನೆಯ ಭಾಗ ಸರಿಯಾಗಿತ್ತು, ಅದೇ ನನಗೆ ತಡೆಯದ ಸಂಗತಿ. ಸಭೆಯಲ್ಲಿ ನಾನು ಹೇಳಿದ್ದನ್ನೇ ಅವರು ನನಗೆ ತಿರುಗಿಸಿ ಹೇಳುತ್ತಿದ್ದರು. ಸಂಘದ ಇನ್ನೊಬ್ಬ ಸದಸ್ಯರು ಅಲ್ಲೇ ಕುಳಿತಿದ್ದವರು, “ಅಲ್ಲ, ಗೌಡರ ಮದುವೆ ಪದದಲ್ಲಿ ಬ್ಯಾರಿಗೆ ಎಂತ ಪಂಚಾತಿಗೆ?” ಎಂದು ನಕ್ಕರು. ತಮಾಷೆಗೇ ಹೇಳಿದ್ದು. ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದೆ.

ಟೀಚರನ್ನು ಕೇಳದೆ ಇದನ್ನು ತೀರ್ಮಾನ ಮಾಡುವುದು ಸರಿಯಲ್ಲ ಎಂದು ಮರುದಿನವೇ ಕಡಬಕ್ಕೆ ಹೋದೆ. ಶಾಲೆಯ ಆಚೆ ಮರದಡಿ ನಿಂತು, ಹೆಸರು ಯಾವುದೂ ಎತ್ತದೆ, ಎರಡು ಹೆಸರಿನ ಸಲಹೆ ಬಂದಿದೆ ಎಂದಷ್ಟೇ ಹೇಳಿದೆ. ಟೀಚರು ಎಲ್ಲ ಅರ್ಥ ಮಾಡಿಕೊಂಡರು ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

“ಕರು ನಮ್ಮ ಹಟ್ಟಿಯದ್ದು, ಅವರಿಗೆ ಪಾಲು ಯಾಕೆ ಮಾಷ್ಟ್ರೆ?” ಎಂದರು. “ನೆರವು ಕೊಟ್ಟದ್ದು ದೊಡ್ಡಮ್ಮ. ಹಾಕುದಾದರೆ ಅವರ ಹೆಸರು ಹಾಕಿ. ಕೆಲಸ ಹೋಗುದಾದರೆ ಹೋಗಲಿ.”

ವಾಪಸು ಬರುವಾಗ ಬಸ್ಸು ಸವಣೂರಿನಲ್ಲಿ ಕೆಟ್ಟು ನಿಂತಿತು. ಡ್ರೈವರು ಇಂಜಿನಿನೊಳಗೆ ತಲೆ ಹಾಕಿದ. ಕೂರಲಾಗದೆ ನಾನು ರಸ್ತೆಯಲ್ಲಿ ಅತ್ತಿಂದಿತ್ತ ನಡೆಯತೊಡಗಿದೆ. ಪರಿಶೀಲಕರ ಹೆಸರು ಹೇಳಬಾರದು, ಟೀಚರ ಹೆಸರಿಗೆ ಮಸಿ ಹತ್ತಬಾರದು. ಎರಡೂ ಒಟ್ಟಿಗೆ ಆಗಬೇಕು. ಹೇಗೆ? ಆಗ ಹೊಳೆಯಿತು. ಪ್ರೊಫೆಸರರ ಸುದ್ದಿಯೇ ಬೇಡ. ಟೀಚರ ಲೇಖನವನ್ನು ಇದ್ದ ಹಾಗೆ ಹಾಕುವುದು. ಲೇಖನ ನಮ್ಮ ಕೈಗೆ ಬಂದ ತಿಂಗಳನ್ನು ಅದರ ತಲೆಬರಹದ ಕೆಳಗೆ ಅಚ್ಚು ಮಾಡುವುದು, ಆ ಸಂಚಿಕೆಯ ಎಲ್ಲ ಲೇಖನಗಳಿಗೂ ಹಾಗೆಯೇ. ಆಮೇಲೆ ಕಾವೇರಿ ಎಂಬ ಹೆಸರು ಮೊದಲು ಬರುವಲ್ಲಿ ಟೀಚರು ಬರೆಯಬೇಕಾಗಿದ್ದ, ಬರೆಯದೆ ಬಿಟ್ಟ ಅಡಿಟಿಪ್ಪಣಿ. ಅದು ಕರು ಎಂದು. ಅಷ್ಟೇ. ಎರಡು ಪತ್ರಿಕೆಯನ್ನೂ ಓದಿದವರಿಗೆ ಬೇರೆ ಏನನ್ನೂ ಹೇಳಬೇಕಾಗಿಲ್ಲ.

ವಕೀಲರಿಗೆ ಹೇಳಿದೆ. “ನಿಯಮ ಮುರಿಯುದಿಲ್ಲ, ಅದು ಸರಿ. ಆದರೆ ಅದು ಕರುವೇ ಅಂತ ನನಗೆ ಖಾತ್ರಿ ಆಗಬೇಕು. ನಾನು ಬಂದು ನೋಡ್ತೇನೆ,” ಎಂದರು.

ರಜೆಯ ದಿನ ಇಬ್ಬರೂ ಸುಳ್ಯದ ಬಸ್ಸು ಹತ್ತಿದೆವು. ಸುಳ್ಯದಲ್ಲಿ ಟೀಚರು ಕಾದಿದ್ದರು. ಹೊಳೆ ದಾಟಿ ಆಲೆಟ್ಟಿಯ ಮನೆ ತಲುಪಿದಾಗ ಬಿಸಿಲು ಏರಿತ್ತು. ಬೆಲ್ಲ ನೀರು ಬಂತು. ದೊಡ್ಡಮ್ಮ ಗಟ್ಟಿ ಹೆಂಗಸು, ಬಾಯಿ ತುಂಬ ಎಲೆಯಡಿಕೆ. ಟೀಚರು ಅವರಿಗೆ ಅರೆಭಾಷೆಯಲ್ಲಿ ವಿಷಯ ತಿಳಿಸಿದರು. ದೊಡ್ಡಮ್ಮನ ಮುಖ ಗಂಟಿಕ್ಕಿತು. ನಮ್ಮ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು.

“ಅದೆಲ್ಲ ಪುಸ್ತಕದಲ್ಲಿ ಬರಿಯುದು ಬೇಡ. ಮದುವೆ ಇಲ್ಲದೆ ಆ ಪದ ಹಾಡಿದ್ದೇ ತಪ್ಪು. ಮಗು ಅಷ್ಟು ಕೇಳಿತು ಅಂತ ಹಾಡಿದೆ. ಕರುವಿಗೆ ಮದುವೆ ಪದ ಹಾಡಿದವಳು ಅಂತ ಊರಿನವರು ನಗಾಡುದಾ? ನಾಳೆ ಈ ಹುಡುಗಿಗೆ ಸಂಬಂಧ ನೋಡ್ಲಿಕ್ಕೆ ಬಂದವರು ಎಂತ ಹೇಳಿಯಾರು?”

ನಾನು ಸುಮ್ಮನಿರಲಿಲ್ಲ. ಇದು ಬಂದರೆ ಮಾತ್ರ ನಿಮ್ಮ ಹುಡುಗಿಯ ಕೆಲಸ ಉಳಿಯುವುದು, ನಾವು ಇಷ್ಟು ದೂರ ಬಂದದ್ದು ಇದಕ್ಕೇ, ಹೇಗೂ ಅದು ನಿಜವೇ ತಾನೇ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಹೇಳುತ್ತಾ ಸ್ವರ ಏರಿತ್ತು. ಟೀಚರು ನನ್ನನ್ನು ತಡೆದರು.

“ಮಾಷ್ಟ್ರೆ, ಬಿಡಿ. ದೊಡ್ಡಮ್ಮ ಬೇಡ ಅಂದರೆ ಬೇಡ. ಅವರ ಒಪ್ಪಿಗೆ ಇಲ್ಲದೆ ಬರಿಯುದಾದರೆ ಆ ಪ್ರೊಫೆಸರರಿಗೂ ನಮಗೂ ಎಂತ ವ್ಯತ್ಯಾಸ ಉಂಟು?”

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಚಪ್ಪಲಿ ಹುಡುಕುತ್ತಾ ಎದ್ದೆ. ವಕೀಲರು ಕೂಡ ಹೊರಡುವ ಎಂಬಂತೆ ಕೊಡೆ ಕೈಗೆತ್ತಿಕೊಂಡರು.

ಆಗ ದೊಡ್ಡಮ್ಮನೇ ಕೇಳಿದರು, “ಆ ಮನುಷ್ಯ ಎಂತ ಬರೆದಿದ್ದಾರೆ? ಓದಿ ನೋಡುವ.”

ವಕೀಲರು ಕೊಡೆ ಕೆಳಗಿಟ್ಟು, ಚೀಲದಿಂದ ಪತ್ರಿಕೆ ತೆಗೆದು, ತಮ್ಮ ಗುರುಗಳ ವಾಕ್ಯಗಳನ್ನು ಗೌರವದಿಂದಲೇ ಓದಿದರು. ಕಾವೇರಿ ಸಿದ್ಧಾಂತ ಬಂದಾಗ ದೊಡ್ಡಮ್ಮ ತಾಂಬೂಲ ಉಗುಳಿ ಬಂದು ಮತ್ತೊಮ್ಮೆ ಓದಿಸಿಕೊಂಡರು. ನಗಲಿಲ್ಲ. ಆದರೆ ‘ಸುಳ್ಯದ ಸೀಮೆಯ ಮನೆಮನೆಗಳಲ್ಲಿ ಕುಳಿತು ವೃದ್ಧೆಯರಿಂದ’ ಎಂಬ ಸಾಲಿಗೆ ಬಂದಾಗ ಅವರಿಗೆ ಸಿಟ್ಟು ಬಂತು.

“ಯಾವ ಮನೆಗೆ ಬಂದದ್ದು ಈ ಪುಣ್ಯಾತ್ಮ? ಯಾವ ಜಗಲಿಯಲ್ಲಿ ಕೂತದ್ದು? ಬಂದು ಕೇಳಿದ್ದರೆ ನಾನೇ ಹೇಳ್ತಿದ್ದೆ, ಅದು ಕರು ಅಂತ. ಬಾರದೆ ಬಂದೆ ಅಂತ ಬರಿಯುದಾ? ನಮ್ಮ ಮನೆಯ ನೀರು ಕುಡಿಯದೆ ಕುಡಿದೆ ಅಂತ ಹೇಳುದಾ?” ಎಂದವರು ಟೀಚರ ಕಡೆ ತಿರುಗಿದರು. “ಬರಿ ಮಗಾ. ನಮ್ಮ ಹಟ್ಟಿಯದ್ದು ಅಂತಲೇ ಬರಿ. ನಗುವವರು ನಗಲಿ.”

ವಕೀಲರು ಎದ್ದು, “ಅಮ್ಮಾ, ಅದನ್ನೊಮ್ಮೆ ನೋಡಬಹುದಾ?” ಎಂದರು. ದೊಡ್ಡಮ್ಮ ಜಗಲಿಯಿಂದಲೇ ‘ಕಾವೇರೀ’ ಎಂದು ಕರೆದರು. ಗುಡ್ಡೆಯ ಬದಿಯಿಂದ ಕೆಂಪು ಬಣ್ಣದ ಕಡಸೊಂದು ಓಡಿ ಬಂದು ಅಂಗಳದಲ್ಲಿ ನಿಂತಿತು. ಕರು ಆಗಲೇ ಬೆಳೆದಿತ್ತು. ವಕೀಲರು ಅದನ್ನು ದಿಟ್ಟಿಸಿ ನೋಡಿದರು, ಕೊರಳನ್ನೂ ತುರಿಸಿದರು. ಪುತ್ತೂರಿನಲ್ಲಿ ಬಸ್ಸಿನಿಂದ ಇಳಿಯುವಾಗ ಅವರು, “ಗುರುಗಳಿಗೆ ನಾನು ಮುಖ ತೋರಿಸುದು ಹೇಗೆ ಮಾಷ್ಟ್ರೆ?” ಎಂದು ಕೇಳಿದರು. ನನಗೆ ಅವರ ಮೇಲೆ ಮೊದಲ ಸಲ ಕನಿಕರ ಬಂತು.

ಇನ್ನು ಅಚ್ಚುಕೂಟದ ಗೋಳು. ನಮ್ಮ ಪ್ರೆಸ್ಸಿನಲ್ಲಿ ಎಂಟು ಪುಟದ ಒಂದು ಫಾರಂ ಅಚ್ಚಾಗಿ, ಅದರ ಅಚ್ಚಿನ ಮೊಳೆಗಳನ್ನು ಬಿಡಿಸಿ ಪೆಟ್ಟಿಗೆಯ ಅವುಗಳ ಮನೆಗಳಿಗೆ ವಾಪಸು ಹಾಕದೆ ಮುಂದಿನ ಫಾರಂ ಜೋಡಿಸಲು ಅಕ್ಷರ ಸಾಲುತ್ತಿರಲಿಲ್ಲ. ಟೀಚರ ಲೇಖನ ಜೋಡಿಸಿ ಆಗಿತ್ತು. ವಕೀಲರು ‘ಹೊಡೆಯಿರಿ’ ಎಂದು ಕರಡಿನ ಮೇಲೆ ಬರೆಯುವವರೆಗೆ ಅಚ್ಚು ಹೊಡೆಯುವ ಹಾಗಿಲ್ಲ. ಅವರು ಬರೆಯಲಿಲ್ಲ. ಇವತ್ತು, ನಾಳೆ ಎಂದು ಮುಂದೂಡುತ್ತಾ ಬಂದರು. ಮೊಳೆಗಳು ಫಾರಮ್ಮಿನಲ್ಲೇ ಸಿಕ್ಕಿಹಾಕಿಕೊಂಡು ಪ್ರೆಸ್ಸಿನ ಮದುವೆ ಕಾಗದದ ಕೆಲಸಗಳೂ ನಿಂತವು.

“ಎಂತ ಮಾಷ್ಟ್ರೆ, ಹೊಡೆಯುದಾ, ಬಿಚ್ಚುದಾ? ಒಂದು ಹೇಳಿ. ನನ್ನ ಗಿರಾಕಿಗಳು ಕುತ್ತಿಗೆ ಹಿಡೀತಾರೆ,” ಎಂದು ಪ್ರೆಸ್ಸಿನ ಫೋರ್ಮನ್ ನನ್ನನ್ನು ಕಂಡಾಗಲೆಲ್ಲ ಕೂಗುತ್ತಿದ್ದ. ಸಾಲದ್ದಕ್ಕೆ ಇನ್ನೊಂದು ತೊಡಕು. ಅಡಿಟಿಪ್ಪಣಿಗೆ ಬೇಕಾದ ಸಣ್ಣ ಅಕ್ಷರದ ಮೊಳೆ ಅರ್ಧಕ್ಕೇ ಮುಗಿದಿತ್ತು. ಟಿಪ್ಪಣಿಯನ್ನೂ ಲೇಖನದ ದೊಡ್ಡ ಅಕ್ಷರದಲ್ಲೇ ಜೋಡಿಸಬೇಕಾಯಿತು. ಮೆಲ್ಲಗೆ ಹೇಳಿ ಮುಗಿಸೋಣ ಎಂದುಕೊಂಡಿದ್ದ ಮಾತು ಪುಟದ ಕಾಲುಭಾಗ ತುಂಬಿ ಕುಳಿತಿತು. ಟೀಚರು ಬರೆದುಕೊಟ್ಟದ್ದು ಹೀಗಿತ್ತು:

‘ಈ ಹಾಡುಗಳಲ್ಲಿ ಮದುಮಗಳ ಹೆಸರು ಬರಬೇಕಾದ ಕಡೆ ಕಾವೇರಿ ಎಂದಿದೆ. ಮನೆಯಲ್ಲಿ ಮದುವೆ ಇಲ್ಲದಾಗ ಹೆಣ್ಣುಮಕ್ಕಳ ಹೆಸರು ಹಾಕಿ ಇವನ್ನು ಹಾಡುವ ಕ್ರಮ ನಮ್ಮಲ್ಲಿಲ್ಲ. ಆದ್ದರಿಂದ ನನಗಾಗಿ ಹಾಡುವಾಗ ದೊಡ್ಡಮ್ಮ ನಮ್ಮ ಹಟ್ಟಿಯ ಕರುವಿನ ಹೆಸರನ್ನು ಹಾಕಿದ್ದಾರೆ. ಬೇರೆ ಮನೆಯಲ್ಲಿ ಕೇಳಿದರೆ ಬೇರೆ ಹೆಸರು ಬರುತ್ತದೆ. ಇದನ್ನು ಪ್ರಕಟಿಸಲು ದೊಡ್ಡಮ್ಮನ ಒಪ್ಪಿಗೆ ಇದೆ.’

ವಕೀಲರು ಕೊನೆಗೆ ತಾವೇ ಪ್ರೆಸ್ಸಿಗೆ ಬಂದರು. ಕರಡನ್ನು ನಿಂತುಕೊಂಡೇ ಓದಿದರು. ಕೊನೆಯ ವಾಕ್ಯದ ಮೇಲೆ ಬೆರಳಿಟ್ಟು, “ಇದನ್ನು ನೀವು ಹೇಳಿ ಬರೆಸಿದ್ದಾ?” ಎಂದು ಕೇಳಿದರು. ಇಲ್ಲ, ಟೀಚರದ್ದೇ ಎಂದೆ. ಅವರು ಪೆನ್ನು ತೆಗೆದು ‘ಹೊಡೆಯಿರಿ’ ಎಂದು ಬರೆದು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಅಚ್ಚಿನ ಟ್ರೆಡಲ್ ಯಂತ್ರದ ಸದ್ದು ಶುರುವಾದಾಗ ನನಗೆ ಎಷ್ಟೋ ವಾರಗಳ ನಂತರ ಒಂದು ಕಡೆ ಕೂರಲು ಸಾಧ್ಯವಾಯಿತು.

ಮಸಿ ಆರುವ ಮೊದಲೇ ಒಂದು ಪ್ರತಿ ಹಿಡಿದುಕೊಂಡು ಕಡಬಕ್ಕೆ ಹೋದೆ. ಸಂಚಾಲಕರು ಜಗಲಿಯಲ್ಲಿ ಒರಗು ಕುರ್ಚಿಯಲ್ಲಿದ್ದರು. ಮಾತು ಬಿಗಿಯಾಗಿತ್ತು. ಲೇಖನ ಬಂದ ತಿಂಗಳು ನೋಡಿದರು. ಘನ ಪತ್ರಿಕೆ ಪಕ್ಕದಲ್ಲೇ ಇಟ್ಟುಕೊಂಡಿದ್ದರು, ಅದನ್ನು ತಿರುವಿದರು. ಆಮೇಲೆ ಅಡಿಟಿಪ್ಪಣಿ. ಓದುತ್ತಿದ್ದ ಹಾಗೆ ಅವರ ಹೊಟ್ಟೆ ಕುಲುಕತೊಡಗಿತು.

“ಅಯ್ಯೋ ರಾಮ! ನಮ್ಮ ಅಮ್ಮನೂ ಹಾಗೆಯೇ ಮಾರಾಯ್ರೆ. ನಾವು ಹಟ ಮಾಡಿದರೆ ಬಸಳೆ ಚಪ್ಪರದ ಹೆಸರು ಹೇಳಿ ಹಾಡ್ತಿದ್ದರು! ಇವರು ನದಿ ಅಂತ ಪೂಜೆ ಮಾಡಿಸಿದ್ದಾರಲ್ಲ!” ಎಂದು ಒಳಗಿದ್ದವರನ್ನೆಲ್ಲ ಕರೆದು ಓದಿ ಹೇಳಿದರು. ಬಾಗಿಲ ಸಂದಿಯಿಂದ ಹೆಂಗಸರ ನಗು ಕೇಳಿಸಿತು. ಆ ವಾರವೇ ಟೀಚರ ಕಾಯಂ ಆದೇಶಕ್ಕೆ ಸಹಿ ಬಿತ್ತು.

ಪ್ರೊಫೆಸರರು ಏನೂ ಬರೆಯಲಿಲ್ಲ. ನಮ್ಮ ಸಂಘದ ಗೌರವಾಧ್ಯಕ್ಷತೆಯನ್ನು ಆರೋಗ್ಯದ ಕಾರಣಕ್ಕೆ ಬಿಟ್ಟಿರುವುದಾಗಿ ಒಂದು ಕಾರ್ಡು ಬಂತು. ಘನ ಪತ್ರಿಕೆಯೂ ತಿದ್ದುಪಡಿ ಹಾಕಲಿಲ್ಲ. ಆ ನದಿ ಅಲ್ಲಿ ಇನ್ನೂ ಹರಿಯುತ್ತಿರಬಹುದು. ಆದರೆ ಓದುಗರಿಂದ ನಮಗೆ ಕಾಗದಗಳು ಬಂದವು, ಕೆಲವರು ಚಂದಾ ಕೂಡ ಕಳಿಸಿದರು. ನಾನು ಎದೆ ಉಬ್ಬಿಸಿಕೊಂಡು ತಿರುಗಾಡಿದೆ. ನಿಯಮವೂ ಉಳಿಯಿತು, ಟೀಚರೂ ಉಳಿದರು ಎಂದು ಕಂಡವರಿಗೆಲ್ಲ ಹೇಳಿದೆ.

ಬೇಸಿಗೆ ರಜೆಯಲ್ಲಿ ಟೀಚರು ಊರಿಗೆ ಹೋಗುವಾಗ ಪುತ್ತೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಸಂಚಿಕೆಯ ಪ್ರತಿಗಳನ್ನು ಕೊಡಲು ನಾನು ನಿಲ್ದಾಣಕ್ಕೆ ಹೋದೆ. ಅವರು ತಮ್ಮ ಹೆಸರಿನ ಮೇಲೆ ಮೆಲ್ಲನೆ ಕೈಯಾಡಿಸಿ, ದೊಡ್ಡಮ್ಮನಿಗೆ ಓದಿ ಹೇಳುತ್ತೇನೆ ಎಂದರು. ಆಮೇಲೆ ಚೀಲದಿಂದ ಇನ್ನೊಂದು ಹಾಳೆಗಳ ಕಟ್ಟು ತೆಗೆದರು. ಗದ್ದೆಯಲ್ಲಿ ನೇಜಿ ನೆಡುವಾಗ ಹೆಂಗಸರು ಹಾಡುವ ಹಾಡುಗಳ ಮೇಲೆ ಬರೆದ ಹೊಸ ಲೇಖನ. ಈ ಸಲ ಮೊದಲಿನಿಂದ ಕೊನೆಯವರೆಗೆ ಅಡಿಟಿಪ್ಪಣಿ ಉಂಟು ಮಾಷ್ಟ್ರೆ ಎಂದು ನಕ್ಕರು. ನಾನು ಖುಷಿಯಿಂದ ಕೈ ಚಾಚಿದೆ. ಅವರು ಕಟ್ಟನ್ನು ಬಿಡಲಿಲ್ಲ.

“ಇದನ್ನು ಯಾರಿಗೆ ಕಳಿಸ್ತೀರಿ?”

ಹೇಳುವ ಹಾಗಿಲ್ಲ ಟೀಚರೇ, ನಿಯಮ ಎಂದು ಬಾಯಿಯವರೆಗೆ ಬಂತು. ಅವರ ಕಣ್ಣು ನೋಡಿ ಅದನ್ನು ನುಂಗಿದೆ. ಒಳ್ಳೆಯವರಿಗೇ ಕಳಿಸುತ್ತೇನೆ ಎನ್ನೋಣವೆಂದರೆ, ಮೊದಲನೆಯದನ್ನೂ ಒಳ್ಳೆಯವರೆಂದೇ ಕಳಿಸಿದ್ದೆ. ನಾನು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡೆ.

“ಯೋಚನೆ ಮಾಡಿ ಹೇಳಿ ಮಾಷ್ಟ್ರೆ. ನನಗೆ ಅವಸರ ಇಲ್ಲ,” ಎಂದು ಟೀಚರು ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಸುಳ್ಯದ ಬಸ್ಸು ಹತ್ತಿದರು.

ಯೋಚನೆ ಮಾಡಿದೆ. ಪತ್ರಿಕೆ ನಡೆದಷ್ಟು ಕಾಲವೂ ಮಾಡಿದೆ. ಎರಡು ಮೂರು ಸಲ ಕಾಗದ ಬರೆದೆ, ಬರೆದದ್ದರಲ್ಲಿ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಆ ಲೇಖನ ನಮಗೆ ಬರಲಿಲ್ಲ. ಬೇರೆ ಎಲ್ಲಿಯೂ ಅಚ್ಚಾದದ್ದನ್ನು ನಾನು ನೋಡಲಿಲ್ಲ.